ಮದಾಮ್ ಸೊಲಾಂಜ್ ರುಚಿ ನೋಡುವ ಬಗೆ

ಫ್ರಾನ್ಸಿನ ಬರ್ಗಂಡಿಯ ನಮ್ಮ ಊರಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಫಾಬ್ರಿಸ್ ತನ್ನ ವೈನ್ ಅಂಗಡಿಯಲ್ಲಿ ಗಿರಾಕಿಗಳಿಗೆ ರುಚಿ ತೋರಿಸುತ್ತಾನೆ. ಅವನು ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿರುವವರು ಮದಾಮ್ ಸೊಲಾಂಜ್. ಎಪ್ಪತ್ತೆಂಟು ವರ್ಷ, ಮೂವತ್ತು ಸುಗ್ಗಿ ಕೂಲಿಗೆ ದ್ರಾಕ್ಷಿ ಕೊಯ್ದು ಬಗ್ಗಿದ ಬೆನ್ನು. ನಾವೆಲ್ಲ ಗ್ಲಾಸು ತಿರುಗಿಸಿ, ಮೂಗು ಇಳಿಸಿ, ಚೆರ್ರಿ, ಚರ್ಮ, ಒದ್ದೆ ಎಲೆಯ ವಾಸನೆ ಎಂದು ಪಾಂಡಿತ್ಯ ಮೆರೆಯುತ್ತಿದ್ದರೆ ಆಕೆ ಒಂದು ಗುಟುಕು ಕುಡಿದು, "ಆ ವರ್ಷ ಆಲಿಕಲ್ಲು ಬಿತ್ತು ನೋಡಿ, ನನ್ನ ಗಂಡ ಬಕೆಟ್ಟು ತಲೆ ಮೇಲೆ ಹಾಕ್ಕೊಂಡು ಓಡಿದ್ದ" ಅನ್ನುತ್ತಾರೆ. ಬಾಟಲಿ ನೋಡಿದರೆ ಇಸವಿ ಅದೇ ಇರುತ್ತದೆ. ರುಚಿ ನೋಡಿದವರು ವೈನು ಉಗುಳುವ ಪಾತ್ರೆ ಮುಂದಿಟ್ಟರೆ "ಕೊಯ್ದೋರು ಉಗುಳಲ್ಲಪ್ಪ!" ಎಂದು ಗದರುತ್ತಾರೆ. ಕಳೆದ ಶನಿವಾರ ಫಾಬ್ರಿಸ್ ಆಕೆ ದುಡಿದ ತೋಟದ್ದೇ ಬಾಟಲಿ ತೆರೆದ. ಸಿರಿವಂತರ ಮದುವೆಗಳಿಗಷ್ಟೇ ಹೋಗುವ ವೈನು ಅದು. ಕೊಯ್ಲಿನವರಿಗೆ ಅಲ್ಲಿ ಕೊಡುತ್ತಿದ್ದದ್ದು ಬೇರೆ, ಹುಳಿಯದ್ದು. ಮದಾಮ್ ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಗಿಟ್ಟು, ಬಹಳ ಹೊತ್ತು ನುಂಗದೆ ಹಾಗೇ ನಿಂತರು. "ಹೇಗಿದೆ ಅಜ್ಜಿ?" ಎಂದು ಫಾಬ್ರಿಸ್ ಮೆಲ್ಲಗೆ ಕೇಳಿದ. ಆಕೆ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಂದರು: "ನಾವು ಒಳ್ಳೇ ಕೆಲಸ ಮಾಡಿದ್ವಿ ಕಣೋ."