ಗೌರಕ್ಕನ ಹೊಳೆನೀರೂ ನನ್ನ ಹಸಿ ಉಡಿಯೂ

ನಮ್ಮ ಹಿತ್ತಲ ಬಾವಿಗೆ ಆ ಹಾಳು ಗಿಡವನ್ನು ಬಿಟ್ಟವಳು ನಾನು. ಗೌರಕ್ಕನಲ್ಲ. ಅವಳು ತವರಿನಿಂದ ತಂದ ಹೊಳೆನೀರಿಗೂ ಅದಕ್ಕೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಬೆಟಗೇರಿಯಲ್ಲಿ ಕದ್ದು, ಉಡಿಯಲ್ಲಿ ಮುಚ್ಚಿಕೊಂಡು, ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ತಂದು, ಯಾರೂ ಇಲ್ಲದ ಹೊತ್ತು ನೋಡಿ ಬಾವಿಗಿಳಿಸಿದವಳು ನಾನೇ — ಈ ಮನೆಯ ಕಿರಿಯ ಸೊಸೆ, ಓಣಿಯವರೆಲ್ಲ ಇವತ್ತಿಗೂ ‘ನೀಲವ್ವ ಅಂದ್ರ ಖರೆ ಮಾತಿನಾಕಿ’ ಎಂದು ಹೊಗಳುವ ನೀಲವ್ವ. ಹೊಗಳಿದಾಗಲೆಲ್ಲ ನಾನು ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತಿದ್ದೇನೆ.

ಗೌರಕ್ಕ ನನ್ನ ಭಾವನ ಹೆಂಡತಿ, ನನಗೆ ನೆಗೆಣ್ಣಿ. ಅವಳ ತವರು ಮುಂಡರಗಿಯಾಚೆ, ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ. ಪಂಚಮಿಗೆ ತವರಿಗೆ ಹೋದವಳು ತಿರುಗಿ ಬರುವಾಗ ತಾಮ್ರದ ಕೊಡದಲ್ಲಿ ಹೊಳೆನೀರು ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿ ತರುತ್ತಿದ್ದಳು. ಶ್ರಾವಣದ ಹೊಳೆ — ನೀರೆಲ್ಲ ಕೆಮ್ಮಣ್ಣು! ಆದರೂ ಅತ್ತೆ ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು, ಎಲ್ಲರ ಅಂಗೈಗೂ ಒಂದೊಂದು ಚಮಚ ಹಾಕಿ, ಉಳಿದದ್ದನ್ನು ಅರಿಷಿಣ ಕುಂಕುಮ ಏರಿಸಿ ಬಾವಿಗೆ ಸುರಿಯುತ್ತಿದ್ದರು. ಆ ದಿನವೆಲ್ಲ ಮನೆಯಲ್ಲಿ ಗೌರಕ್ಕನದೇ ಮಾತು. ಅವಳ ಮುಖ ನೋಡಬೇಕಿತ್ತು — ಹೊಳೆಯನ್ನೇ ಬೆನ್ನಿಗೆ ಕರೆದುಕೊಂಡು ಬಂದವಳ ಹಾಗೆ ಇರುತ್ತಿತ್ತು.

ನನ್ನ ತವರು ಬೆಟಗೇರಿ. ಅಲ್ಲಿಯದು ಸವಳು ನೀರು, ಬೇಳೆ ಬೇಯುವುದಿಲ್ಲ. ‘ನೀಲಾ, ನಿಮ್ಮೂರಿಂದ ನೀನೂ ಒಂದು ಕೊಡ ತರಬೇಕಿಲ್ಲೋ’ ಎಂದು ನಮ್ಮ ಮಾವ ಒಮ್ಮೆ ಚಾಷ್ಟಿ ಮಾಡಿದರು. ಎಲ್ಲರೂ ನಕ್ಕರು. ಗೌರಕ್ಕನೂ ನಕ್ಕಳು — ಕೆಟ್ಟ ನಗೆಯೇನಲ್ಲ, ಆದರೂ ನಕ್ಕಳು. ನಾನೂ ನಕ್ಕೆ. ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅದಕ್ಕೆ ಬೇರೆ ಹೆಸರಿಡಲಾರೆ, ಅದು ಹೊಟ್ಟೆಕಿಚ್ಚೇ.

ಮುಂದಿನ ಪಂಚಮಿಗೆ ತವರಿಗೆ ಹೋದಾಗ, ನನ್ನಣ್ಣ ಕೆಲಸಕ್ಕಿದ್ದ ಹತ್ತಿ ಗಿರಣಿಯ ಧಣಿಗಳ ಬಂಗಲೆಗೆ ಅರಿಷಿಣ ಕುಂಕುಮಕ್ಕೆ ಕರೆ ಬಂತು. ಅವರ ಹಿತ್ತಲಲ್ಲಿ ಸಿಮೆಂಟಿನ ಹೊಂಡ. ಹೊಂಡದ ತುಂಬ ತೇಲುವ ಗಿಡ. ದುಂಡಗೆ ಉಬ್ಬಿದ ದಂಟು, ಮೇಲೆ ನೇರಳೆ ಬಣ್ಣದ ಹೂವಿನ ಗೊಂಚಲು, ಒಂದೊಂದು ಹೂವಿನಲ್ಲೂ ನವಿಲುಗರಿಯ ಕಣ್ಣು. ಒಂದು ಗಿಡ ಕೊಡುತ್ತೀರಾ ಎಂದು ಬಾಯಿಬಿಟ್ಟು ಕೇಳಿದೆ. ಧಣಿಗಳ ಹೆಂಡತಿ ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, “ಇದು ಎಲ್ಲಾರ ಮನ್ಯಾಗ ಬಾಳಂಗಿಲ್ಲವಾ, ಇದಕ್ಕ ಭಾಳ ಜ್ವಾಪಾನ ಬೇಕು” ಎಂದಳು. ಆ ತಾಯಿಗೆ ಆ ಗಿಡದ ಗುಣ ಗೊತ್ತಿರಲಿಲ್ಲ! ಅದನ್ನು ಕಾಪಾಡುವುದಲ್ಲ, ಸಾಯಿಸುವುದೇ ಕಷ್ಟ ಎಂದು ಆಮೇಲೆ ನಾನು ಕಲಿತೆ.

ಉಡಿ ತುಂಬಿಸಿಕೊಂಡು ಹೊರಡುವಾಗ, ಅವಳು ಒಳಗೆ ತಿರುಗಿದ ಕೂಡಲೇ ಒಂದು ಗಿಡ ಕಿತ್ತು ಅಕ್ಕಿ, ಕೊಬ್ಬರಿ, ಉತ್ತತ್ತಿಯ ನಡುವೆ ಸೇರಿಸಿದೆ. ತುಂಬಿದ ಉಡಿಯನ್ನು ಬಿಚ್ಚಿ ತೋರಿಸು ಎಂದು ಯಾರೂ ಕೇಳುವುದಿಲ್ಲವಲ್ಲ — ಆ ಮರ್ಯಾದೆಯನ್ನೇ ನಾನು ಕಳ್ಳತನಕ್ಕೆ ಬಳಸಿದೆ. ಮರುದಿನ ಊರಿಗೆ ಹೊರಡುವಾಗಲೂ ಹಾಗೇ ಕಟ್ಟಿಕೊಂಡೆ. ಬೇರು ಒಣಗಬಾರದೆಂದು ನೀರು ಚಿಮುಕಿಸಿದ್ದೆ. ಬಸ್ಸಿನಲ್ಲಿ ಅದು ತೊಟ್ಟಿಕ್ಕತೊಡಗಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಕೆಳಗೆ ನೋಡಿದಳು, ನನ್ನ ಮಡಿಲು ನೋಡಿದಳು, ಕೂಸು ಎಲ್ಲಿದೆ ಎಂದು ಕೇಳಿದಳು. ಕೂಸಿಲ್ಲ ಎಂದೆ. ಅದಾದ ಮೇಲೆ ಲಕ್ಷ್ಮೇಶ್ವರ ಬರುವವರೆಗೂ ಅವಳು ನನ್ನಿಂದ ಒಂದು ಮೊಳ ದೂರವೇ ಕೂತಳು.

ಗೌರಕ್ಕ ಆ ವಾರವೇ ತನ್ನ ಕೊಡದೊಂದಿಗೆ ಬಂದಳು. ಪೂಜೆಯಾಯಿತು, ನೀರು ಬಾವಿ ಸೇರಿತು. ನನ್ನ ಗಿಡ ಅಷ್ಟರಲ್ಲಾಗಲೇ ಬಾವಿಯ ಒಂದು ಮೂಲೆಯಲ್ಲಿ ಹಾಯಾಗಿತ್ತು. ಹೂ ಬಿಟ್ಟ ದಿನ ಎಲ್ಲರನ್ನೂ ಕರೆದು, ‘ನೋಡ್ರಿ, ನಮ್ಮೂರಿಂದ ಬಂದದ್ದು’ ಎನ್ನಬೇಕು — ಇಷ್ಟೇ ನನ್ನ ಹಂಚಿಕೆ.

ಮಹಾನವಮಿಯ ಹೊತ್ತಿಗೆ ಹೂ ಬಿಟ್ಟಿತು. ಆದರೆ ಮೊದಲು ಕಂಡವರು ಅತ್ತೆ. ‘ಗೌರಾನ ಹೊಳಿಗಂಗವ್ವ ಮುಡಿಗೆ ಹೂ ಏರಿಸ್ಯಾಳ’ ಎಂದು ಓಣಿಗೆಲ್ಲ ಸಾರಿಬಿಟ್ಟರು! ಹೆಂಗಸರು ಸಾಲುಗಟ್ಟಿ ಬಂದು ಬಾವಿಗೆ ಕೈಮುಗಿದರು, ಗೌರಕ್ಕನಿಗೆ ಕುಂಕುಮ ಹಚ್ಚಿದರು. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ನನ್ನದು ಎಂದರೆ ಎಲ್ಲಿಂದ ತಂದೆ ಎಂಬ ಪ್ರಶ್ನೆ ಬರುತ್ತದೆ, ಕದ್ದದ್ದು ಹೊರಬೀಳುತ್ತದೆ, ಅಣ್ಣನ ಕೆಲಸ... ನುಂಗಿಕೊಂಡೆ. ನನ್ನ ಕಳವಿನ ಮಾಲಿಗೆ ಅವಳಿಗೆ ಆರತಿ — ಆ ಉರಿ ಇವತ್ತು ನೆನೆದರೆ ನಗು ಬರುತ್ತದೆ, ಅವತ್ತು ಬರಲಿಲ್ಲ.

ಗಿಡಕ್ಕೆ ಆರತಿ ಒಗ್ಗಿತೋ ಏನೋ. ಒಂದು ಎರಡಾಯಿತು, ಎರಡು ಹತ್ತಾಯಿತು, ದೀಪಾವಳಿಯ ಹೊತ್ತಿಗೆ ಬಾವಿಯಲ್ಲಿ ನೀರೇ ಕಾಣದಾಯಿತು. ಕೊಡ ಬಿಟ್ಟರೆ ಹಾಸಿಗೆಯ ಮೇಲೆ ಬಿದ್ದಂತೆ ಬೀಳುತ್ತದೆ, ಮುಳುಗುವುದಿಲ್ಲ. ನೀರು ನಾರತೊಡಗಿತು. ಹಿತ್ತಲ ಬದನೆಗೆ, ಮಲ್ಲಿಗೆಗೆ ನೀರಿಲ್ಲ. ಸೊಳ್ಳೆಗಳಂತೂ ಹಗಲು ರಾತ್ರಿ ಎನ್ನದೆ ಸಂಸಾರ ಹೂಡಿದವು.

ಆ ಹೊತ್ತಿಗೇ ಏಕೀಕರಣ ಬಂತು. ಮಿರಜ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಕಂಡಿದ್ದ ನಾವು ಈಗ ಕನ್ನಡದವರೆಲ್ಲರ ಜೊತೆ ಒಂದಾದೆವು ಎಂದು ಊರೆಲ್ಲ ತೋರಣ. ಮಾವ ಸಂಭ್ರಮದಲ್ಲಿ ಹಿರಿಯರನ್ನೆಲ್ಲ ಹೋಳಿಗೆ ಊಟಕ್ಕೆ ಕರೆದಿದ್ದರು. ಊಟಕ್ಕೆ ಬಂದವರು ಕೈತೊಳೆಯಲು ಬಾವಿಗೆ ಹೋಗಿ, ಅಲ್ಲಿಯೇ ನಿಂತುಬಿಟ್ಟರು. ಇದು ಯಾವ ಗಿಡ ಎಂಬ ವಿಚಾರಣೆ ಶುರುವಾಯಿತು. ಒಬ್ಬರು ಮುಂಬಯಿಯವರು ಹೋಗುವಾಗ ಬಿಟ್ಟು ಹೋದದ್ದೆಂದರು. ಇನ್ನೊಬ್ಬರು ಮೈಸೂರಿನವರು ಮುಂಚಿತವಾಗಿ ಕಳಿಸಿದ್ದೆಂದರು. ಶಾಲೆಯ ಮಾಸ್ತರರು ಕಮಲದ ಜಾತಿ ಎಂದು ತೀರ್ಪು ಕೊಟ್ಟರು. ಶಿರಹಟ್ಟಿಯಿಂದ ಬಂದಿದ್ದ ವೈದ್ಯರು ಒಂದು ದಂಟನ್ನು ಕಚಕ್ಕನೆ ಕಡಿದು ಅಗಿದು, ಪಿತ್ತಕ್ಕೆ ಒಳ್ಳೆಯದು ಎಂದರು. ಆಮೇಲೆ ಬಾಯಿ ತುರಿಸಿ ಹೋಳಿಗೆ ಮುಟ್ಟದೆ, ಬರೀ ಮಜ್ಜಿಗೆ ಮುಕ್ಕಳಿಸುತ್ತ ಕೂತರು.

ವೈದ್ಯರ ತುಟಿ ಊದಿದ್ದನ್ನು ಕಂಡು ಮಾವನ ಸಿಟ್ಟು ನೆತ್ತಿಗೇರಿತು. ಇದು ಹೇಗೆ ಬಂತು ಎಂದು ಎಲ್ಲರ ಮುಂದೆ ಗುಡುಗಿದರು. ನಾನು ಒಪ್ಪಿಕೊಳ್ಳಬೇಕಾದ ಹೊತ್ತು ಅದು. ನಾನು ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಬಾಯಿ ತೆರೆದೆ — ಖರೆ ಹೇಳಲೆಂದೇ ತೆರೆದೆನೋ ಏನೋ — ಬಂದ ಮಾತು ಬೇರೆ:

“ಹೊಳಿ ನೀರಿನ ಕೂಡ ಏನೇನು ಬರತಾವೋ, ಯಾರಿಗೆ ಗೊತ್ತರಿ.”

ಅಷ್ಟೇ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆರತಿ ಮಾಡಿಸಿದ್ದ ಅತ್ತೆಯೇ ತಿರುಗಿ, “ಗೌರಾ, ಇನ್ನ ಮ್ಯಾಲೆ ನಿನ್ನ ಹೊಳಿ ನೀರು ಈ ಮನಿ ಹೊಸ್ತಲಾ ದಾಟಬಾರದು” ಎಂದರು. ಅಂಗಳದ ತುಂಬ ಮಂದಿ. ಗೌರಕ್ಕ ತಲೆ ತಗ್ಗಿಸಿದಳು. ಅವಳೂ ಅದನ್ನು ನಂಬಿಬಿಟ್ಟಿದ್ದಳು — ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೊರೆಯುತ್ತದೆ.

ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಇಳಿಬಿಟ್ಟು, ದಿನಾ ಬೆಳಿಗ್ಗೆ ಅವಳೊಬ್ಬಳೇ ಆ ಗಿಡವನ್ನು ಎಳೆದೆಳೆದು ಹಾಕಿದಳು. ಎಷ್ಟು ತೆಗೆದರೂ ಉಳಿದ ಚೂರಿನಿಂದ ಮತ್ತೆ ಚಿಗುರುತ್ತಿತ್ತು. ತೆಗೆದದ್ದನ್ನು ಎಮ್ಮೆಗೆ ಹಾಕಿದರು. ಎಮ್ಮೆಗೆ ಹೊಟ್ಟೆ ಕೆಟ್ಟು, ಅದರ ಪಾಲಿನ ಬೈಗುಳವೂ ಅವಳಿಗೇ ಬಂತು. ಅಂಗೈಯಲ್ಲಿ ಹಗ್ಗದ ಬೊಕ್ಕೆ ಎದ್ದಿದ್ದವು. ಒಮ್ಮೆ ನಾನು ಹಗ್ಗ ಹಿಡಿಯಲು ಹೋದರೆ ಬಿಡಲಿಲ್ಲ. “ನನ್ನ ನೀರಿನಿಂದ ನಿನಗೂ ತ್ರಾಸಾತು ನೋಡವಾ ತಂಗಿ” ಎಂದಳು. ಆಗಲಾದರೂ... ಇಲ್ಲ. ಆಗಲೂ ಹೇಳಲಿಲ್ಲ.

ಬೇಸಿಗೆಯಲ್ಲಿ ನೀರು ತಳ ಕಂಡಾಗ ನಮ್ಮ ಗಂಡಂದಿರು ಇಳಿದು ಬುಡಸಮೇತ ಬಳಿದು, ಬಿಸಿಲಿಗೆ ಹರವಿ ಸುಟ್ಟರು. ಗಿಡ ಹೋಯಿತು. ಮುಂದಿನ ಪಂಚಮಿಗೆ ಗೌರಕ್ಕನನ್ನು ಬಿಡಲು ಬಂದ ಅವಳ ಅಣ್ಣ, ಏನೂ ತಿಳಿಯದೆ, ಅವಳು ಬೇಡವೆಂದರೂ ಎಂದಿನಂತೆ ಕೊಡ ಹೊತ್ತು ತಂದಿದ್ದ. ಅವಳು ಹೊಸ್ತಿಲ ಹೊರಗೇ ಕೊಡ ಇಳಿಸಿಕೊಂಡು, ಬಿಳಿ ಅರಿವೆ ಬಿಚ್ಚಿ, ಅಷ್ಟೂ ನೀರನ್ನು ಬೇವಿನ ಬುಡಕ್ಕೆ ಸುರಿದಳು. ಅಣ್ಣನಿಗೆ ಕಾರಣ ಹೇಳಲಿಲ್ಲ. ಆ ನೀರಿನದೇನೂ ತಪ್ಪಿಲ್ಲ ಎಂಬುದು ಕಿಟಕಿಯಿಂದ ನೋಡುತ್ತಿದ್ದ ನನಗೊಬ್ಬಳಿಗೇ ಗೊತ್ತಿತ್ತು. ಅಂದಿನಿಂದ ಅವಳು ತವರಿನಿಂದ ಬರಿಗೈಯಲ್ಲೇ ಬಂದಳು.

ಈಗ ಅತ್ತೆಯಿಲ್ಲ, ಮಾವನಿಲ್ಲ, ಬಂಗಲೆಯ ಧಣಿಗಳೂ ಇಲ್ಲ. ಅಂಜುವ ಕಾರಣವೊಂದೂ ಉಳಿದಿಲ್ಲ. ಮಕ್ಕಳು ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ನಾನೂ ಗೌರಕ್ಕನೂ ಒಂದೇ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತೇವೆ. ಆದರೆ ಅವಳಿಗೆ ಎರಡೂ ಕಿವಿ ಹೋಗಿವೆ. ಚಹಾ ಆಯಿತು ಎಂದು ತಿಳಿಸಬೇಕಾದರೂ ಮೂರು ಮನೆಯಾಚೆಗೆ ಕೇಳುವಂತೆ ಒದರಬೇಕು. ಹೋದ ವಾರ ನಾನು ಮೆಲ್ಲಗೆ, ತೀರ ಮೆಲ್ಲಗೆ, ಎಲ್ಲವನ್ನೂ ಹೇಳಿದೆ. ಅವಳು ನನ್ನ ಮುಖ ನೋಡಿ ಪ್ರೀತಿಯಿಂದ ತಲೆಯಾಡಿಸಿದಳು. ಹೇಳಿದಂತಾಯಿತು, ದೇವರಿಗಾದರೂ ಕೇಳಿಸಿತಲ್ಲ ಎಂದು ಎರಡು ದಿನ ಹಗುರಾಗಿ ಓಡಾಡಿದೆ. ಎಂಥ ಲುಚ್ಚಿ ನಾನು!

ಅವಳ ಮೇಲೆ ಮಾತು ಬಂದದ್ದು ಅಂಗಳದ ತುಂಬ ಮಂದಿಯಿದ್ದಾಗ. ಅದನ್ನು ತೆಗೆಯುವುದೂ ಹಾಗೇ ಆಗಬೇಕು. ಇವತ್ತು ಬೀಗರೆಲ್ಲ ಬಂದಿದ್ದಾರೆ, ಸೊಸೆಯಂದಿರು ಒಳಗಿದ್ದಾರೆ, ಓಣಿಯ ಹೆಂಗಸರು ಬಾಗಿಲಲ್ಲಿ ಕೂತಿದ್ದಾರೆ. ನಾನು ಎದ್ದು ಅವಳ ಪಕ್ಕಕ್ಕೆ ಹೋಗುತ್ತೇನೆ. ಒಮ್ಮೆಗೆ ಕೇಳಿಸದಿದ್ದರೆ ಎರಡನೆಯ ಸಲ, ಓಣಿಯೆಲ್ಲ ತಿರುಗಿ ನೋಡಿದರೂ ಸರಿ, ಕೇಳಿಸುವವರೆಗೆ ಒದರುತ್ತೇನೆ: “ಅಕ್ಕಾ, ಆ ಗಿಡ ಬಾವಿಗೆ ಹಾಕಿದಾಕಿ ನಾನು. ನಿನ್ನ ಹೊಳಿ ನೀರು ಚೊಕ್ಕ ಇತ್ತು.”