ರಸ್ತೆ ಬದಿಯ ಬೆಲ್ಲದ ಡಬ್ಬಗಳು

ತೊಂಬತ್ತರ ದಶಕದ ಕೊನೆಯಲ್ಲಿ, ಕೃಷಿ ಎಂ.ಎಸ್ಸಿ. ಮುಗಿಸಿದ ವರ್ಷ, ಆಲ್ದೂರಿನ ಹತ್ತಿರ ಸೋದರತ್ತೆಯ ಮನೆಯಲ್ಲಿ ಮೂರು ತಿಂಗಳಿದ್ದೆ. ಅಲ್ಲಿಯ ಕಾಫಿಯೆಲ್ಲ ಅವರ ಮೈದುನರ ಪಾಲಿನದು. ರಸ್ತೆಗೆ ತಾಗಿದ ಕಿತ್ತಳೆ ತೋಟ ಮಾತ್ರ ಅತ್ತೆಯ ಸ್ವಂತದ್ದು.

ಹಣ್ಣು ಬಣ್ಣ ತಿರುಗುವಾಗ ಪತಂಗಗಳು ಬಂದು ಸಿಪ್ಪೆಗೆ ಮೂತಿ ಚುಚ್ಚಿ ರಸ ಹೀರುತ್ತಿದ್ದವು. ಚುಚ್ಚಿದ ಹಣ್ಣು ನಾಲ್ಕೇ ದಿನದಲ್ಲಿ ಕೊಳೆತು ಉದುರುತ್ತಿತ್ತು. ಅದಕ್ಕೇ, ತೋಟದಲ್ಲಿ ಬಹುಕಾಲದಿಂದ ಕೆಲಸಕ್ಕಿದ್ದ ಒಬ್ಬ ಹೆಂಗಸು ದಿನಾ ಸಂಜೆ ಹಸಿ ಸೊಪ್ಪು, ಕಾಫಿ ಹೊಟ್ಟು ಹಾಕಿ ಮರಗಳ ಕೆಳಗೆ ಹೊಗೆ ಎಬ್ಬಿಸುತ್ತಿದ್ದರು. ಹುಳಕ್ಕೆ ಹಣ್ಣಿನ ವಾಸನೆ ಸಿಗಬಾರದೆಂದು.

ಅತ್ತೆಗೆ ಉಬ್ಬಸ. ಸಂಜೆಯಾದರೆ ಜಗಲಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು. ಹೊಗೆ ಹಾಕುವಷ್ಟು ಹುಳ ಇದೆಯೇ, ನೋಡೋಣ ಎಂದೆ. ಬೆಲ್ಲದ ನೀರಿಗೆ ವಿನೆಗರ್, ತುಸು ಕೀಟನಾಶಕ ಬೆರೆಸಿ, ಬಿದ್ದ ಹುಳ ಎಣಿಸಲೆಂದು ಹತ್ತು ಡಬ್ಬ ಕಟ್ಟಿದೆ. ಹತ್ತನ್ನೂ ರಸ್ತೆ ಬದಿಯ ಸಾಲಿಗೇ ಕಟ್ಟಿದೆ. ಒಳಗಿನ ಸಾಲುಗಳಲ್ಲಿ ಜಿಗಣೆ. ನನಗೆ ಜಿಗಣೆಯೆಂದರೆ ಹೆದರಿಕೆ, ಅದನ್ನು ಹೇಳಿಕೊಳ್ಳಲು ನಾಚಿಕೆ.

ಆ ರಸ್ತೆಯ ಏರಿನಲ್ಲಿ ಮರ ಸಾಗಿಸುವ ಲಾರಿಗಳು ಉಗುಳುವ ಕಪ್ಪು ಹೊಗೆ ಬೇಲಿಯ ಮೇಲೇ ನಿಂತಿರುತ್ತಿತ್ತು. ಬೆಳಿಗ್ಗೆ ಡಬ್ಬಗಳಲ್ಲಿ ಮಸಿ ತೇಲುತ್ತಿತ್ತು. ಪತಂಗ ಒಂದೋ ಎರಡೋ. ವಾರವಿಡೀ ಎಣಿಸಿ, ಹುಳ ಕಡಿಮೆ, ಹೊಗೆ ನಿಲ್ಲಿಸಬಹುದು ಎಂದೆ.

“ನಮ್ಮ ಹೊಗೇಲಿ ಹುಳಕ್ಕೆ ಹಣ್ಣು ಸಿಗಲ್ಲ. ಲಾರಿ ಹೊಗೇಲಿ ನಿಮ್ಮ ಬೆಲ್ಲ ಹೆಂಗೆ ಸಿಗುತ್ತಮ್ಮಾ?” ಎಂದು ಆ ಹೆಂಗಸು ಕೇಳಿದರು.

“ಸುಮ್ನಿರೇ ಮಾರಾಯ್ತಿ, ಅವ್ಳು ಓದಿದೋಳು,” ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಮಸಿ ತೇಲುವುದನ್ನು ದಿನವೂ ಕಂಡಿದ್ದವಳು ನಾನೇ.

ಹೊಗೆ ನಿಂತ ಮೇಲೆ ಒಂದು ವಾರ ಅತ್ತೆ ಚೆನ್ನಾಗಿ ಉಸಿರಾಡಿದರು. ಆಮೇಲೆ ಹಣ್ಣು ಉದುರತೊಡಗಿತು. ಆಗ ಜಿಗಣೆ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ಹೋಗಿ ಒಳಗಿನ ಸಾಲಿನಲ್ಲಿ ಒಂದು ಡಬ್ಬ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಬೆಲ್ಲದ ನೀರೇ ಕಾಣದಷ್ಟು ಪತಂಗಗಳು. ಅದನ್ನು ಯಾರಿಗೂ ತೋರಿಸದೆ ಮಣ್ಣಿಗೆ ಸುರಿದೆ.

ಮರಗಳ ಕೆಳಗೆ ನಿಂತ ಅತ್ತೆ ಬೈಯಲಿಲ್ಲ. “ಒಳಗಡೆ ಸಾಲಲ್ಲೂ ಡಬ್ಬ ಕಟ್ಟಿದ್ಯಲ್ಲ, ಮೊದ್ಲೇ?” ಎಂದಷ್ಟೇ ಕೇಳಿದರು.

“ಹೂಂ,” ಎಂದೆ.

ಆ ಹೆಂಗಸು ಪಕ್ಕದಲ್ಲೇ ಕೊಳೆತ ಹಣ್ಣು ಆರಿಸಿ ಬುಟ್ಟಿಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

ಅಂದು ಸಂಜೆಯಿಂದ ಮತ್ತೆ ಹೊಗೆ ಹಾಕಿದರು, ಉಳಿದಷ್ಟು ಹಣ್ಣಿಗಾಗಿ. ಅತ್ತೆ ಬಾಗಿಲು ಮುಚ್ಚಿಕೊಂಡು ಒಳಗೆ ಕೆಮ್ಮುತ್ತಿದ್ದರು. ನಾನು ಜಗಲಿಯಲ್ಲಿ ಕೂತು ಕೇಳಿಸಿಕೊಂಡೆ.