ಎಂಟನೇ ಕ್ಲಾಸು, ತಂಪು ಹಾಸಿಗೆ

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಶಿವಾಜಿನಗರದಲ್ಲಿ ಫ್ರಿಜ್ ರಿಪೇರಿ ಮಾಡುತ್ತಿದ್ದೆ. ಹುಟ್ಟುವಾಗ ಉಸಿರುಗಟ್ಟಿದ ಮಕ್ಕಳ ಮೆದುಳು ಉಳಿಸಲು ಮೂರು ದಿನ ಮೈ ತಂಪಾಗಿಡುವ ಚಿಕಿತ್ಸೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ, ತಮ್ಮ ಮನೆಯ ಫ್ರಿಜ್ ನೋಡಲು ಹೋದವನನ್ನು ಆಸ್ಪತ್ರೆಯ ಕೆಲಸಕ್ಕೆ ಕರೆದರು. ಆ ಮಕ್ಕಳನ್ನು ಮಲಗಿಸುವ, ಒಳಗೆ ತಣ್ಣೀರು ಹರಿಯುವ ಹಾಸಿಗೆಯನ್ನು ಅಂದಿನಿಂದ ನಾನೇ ನೋಡಿಕೊಂಡೆ. ಅದು ಅವರ ಸಂಶೋಧನೆ ಎಂದು ಜನ ಅನ್ನುತ್ತಾರೆ. ನಮ್ಮಿಬ್ಬರದು ಎಂದು ನಾನು ಅನ್ನುತ್ತೇನೆ. ನಗುವವರು ನಗಲಿ.

ಒಮ್ಮೆ ಹಲಸೂರಿನ ಹೆಣ್ಣುಮಗು ಬಂದಿತ್ತು. ಎರಡನೇ ದಿನ ಮಧ್ಯಾಹ್ನ ಅದರ ಮೈ ಶಾಖ ಮೂವತ್ಮೂರೂವರೆ ಡಿಗ್ರಿಯಲ್ಲಿ ನಿಲ್ಲದೆ ಏರತೊಡಗಿತು. ಹೀಗೇ ಏರಿದರೆ ಚಿಕಿತ್ಸೆ ಕೆಟ್ಟಂತೆಯೇ. ಮತ್ತೆ ಮೊದಲಿನಿಂದ ಮಾಡುವಂಥದ್ದಲ್ಲ ಅದು.

ಹಾಸಿಗೆಯ ನೀರು ತಣ್ಣಗಾಗಿಸುವ ಮಷೀನಿನ ಕಂಪನಿಯ ಎಂಜಿನಿಯರ್ ಬಂದವನೇ, "ಕಂಪ್ರೆಸರ್ ಹೋಗಿದೆ. ಆಫ್ ಮಾಡಿ, ಮಾರತ್ತಹಳ್ಳಿ ಗೋಡೌನಿಂದ ಬೇರೆ ತರಿಸ್ತೀನಿ" ಎಂದ.

ಮಾರತ್ತಹಳ್ಳಿಯಿಂದ! ಆ ಟ್ರಾಫಿಕ್ಕಿನಲ್ಲಿ!

ನೀರಿನ ಪೈಪು ಹಿಡಿದು ನೋಡಿದೆ. ಎಂದಿಗಿಂತ ತಣ್ಣಗಿತ್ತು. "ಆಫ್ ಮಾಡೋ ಹಾಗಿಲ್ಲ. ಮಷೀನು ಸರಿಯಾಗೇ ಇದೆ."

"ನೀವೆಷ್ಟು ಓದಿದೀರಾ?"

"ಎಂಟು. ನೀವು ಪೈಪ್ ಮುಟ್ಟಿ ನೋಡಿದ್ರಾ?"

ನೀರು ಅಷ್ಟು ತಣ್ಣಗಿದ್ದೂ ಮಗು ಬೆಚ್ಚಗಾಗುತ್ತಿದೆ ಎಂದರೆ ನಡುವೆ ಏನೋ ಇದೆ. ಡಾಕ್ಟರಮ್ಮನಿಗೆ ಹೇಳಿದೆ. ಅವರು ಸಿಸ್ಟರಿಂದ ಮಗುವನ್ನು ಮೆಲ್ಲಗೆ ಎತ್ತಿಸಿದರು. ಬೆಡ್‌ಶೀಟಿನ ಕೆಳಗೆ, ನಾಲ್ಕು ಮಡಿಕೆಯ ಹಳೇ ಸೀರೆ!

ಬಾಗಿಲಲ್ಲಿದ್ದ ಮಗುವಿನ ಅಜ್ಜಿ ತಲೆ ತಗ್ಗಿಸಲಿಲ್ಲ. "ನಾನೇ ತೂರಿಸಿದ್ದು. ನಮ್ಮನೇಲಿ ಹುಟ್ಟಿದ ಕೂಸೆಲ್ಲ ಹಳೇ ಸೀರೆ ಮೇಲೇ ಮಲಗಿದ್ದು. ಹಸಿ ಕೂಸನ್ನ ಐಸ್ ಮೇಲೆ ಹಾಕಿದೀರಲ್ಲ, ನಿಮ್ಗೇನ್ ಮಕ್ಕಳಿಲ್ವಾ?"

"ಇದಾರಮ್ಮಾ" ಎಂದೆ ನಾನು. "ಕೈ ಸುಟ್ಕೊಂಡ್ರೆ ತಣ್ಣೀರಲ್ಲಿ ಇಡಲ್ವಾ? ಇವಳ ತಲೆ ಒಳಗೂ ಹಂಗೇ ಅನ್ಕೊಳ್ಳಿ. ಇನ್ನೊಂದಿನ ತಡೀರಿ, ಇದೇ ಸೀರೇಲಿ ಸುತ್ಸಿ ಕೊಡ್ತೀನಿ."

"ಕೊಡ್ಲಿಲ್ಲ ಅಂದ್ರೆ ಇದೇ ಸೀರೇಲಿ ನಿನ್ನ ಕಟ್ಟಾಕ್ತೀನಿ ನೋಡು!"

ಸೀರೆ ತೆಗೆದು ಮಲಗಿಸಿದ ಮೇಲೆ ಮೈ ಶಾಖದ ಅಂಕಿ ಇಳಿಯಿತು. ಎಂಜಿನಿಯರ್ ತನ್ನ ಕಾಗದದಲ್ಲಿ ದೋಷ ಸರಿಪಡಿಸಿದ್ದಾಗಿ ಬರೆದು ಸಹಿಗೆ ಚಾಚಿದ. ನಾನು ಪೆನ್ನು ಮುಟ್ಟಲಿಲ್ಲ. "ದೋಷ ಇರ್ಲಿಲ್ಲ ಅಂತ ಬರೀರಿ. ಕಂಡುಹಿಡಿದಿದ್ದು ಯಾರು ಅಂತಾನೂ ಬರೀರಿ." ಹೊಡೆದುಹಾಕಿ ಮತ್ತೆ ಬರೆದ.

ಮೂರು ದಿನ ಕಳೆದು ಮೆಲ್ಲಮೆಲ್ಲಗೆ ಬೆಚ್ಚಗಾದ ಮಗುವನ್ನು ಸಿಸ್ಟರ್ ಆ ಸೀರೆಯಲ್ಲೇ ಸುತ್ತಿ ಅಜ್ಜಿಗೆ ಕೊಟ್ಟರು. "ನಡೀತಾಳೇನಯ್ಯಾ ಇವಳು?" ಎಂದು ಅಜ್ಜಿ ನನ್ನನ್ನು ಕೇಳಿದರು. ಈಗಲೇ ಹೇಳಲು ಆಗುವುದಿಲ್ಲ ಎಂದೆ.

ಒಂದೂವರೆ ವರ್ಷಕ್ಕೆ ತಪಾಸಣೆಗೆ ಬಂದವಳು ಅಜ್ಜಿಯ ಕೈ ಬಿಡಿಸಿಕೊಂಡು ತೂರಾಡುತ್ತ ನಡೆದು ಬಂದು ನನ್ನ ಜೇಬಿನ ಟೆಸ್ಟರ್ ಕಿತ್ತುಕೊಂಡಳು. ಎಷ್ಟು ಕೇಳಿದರೂ ವಾಪಸ್ ಕೊಡಲಿಲ್ಲ.